ಮೂರನೇ ಸಲಕ್ಕೆ ಕಾಫಿ

ಪೂರ್ವಾದ್ರಿ ವಿಶ್ವವಿದ್ಯಾಲಯದವರು ‘ಗಣಕ ಆಟಗಳ ವಿನ್ಯಾಸ ಮತ್ತು ಸಂವಾದಿ ಕಥನ’ ಎಂಬ ಸರ್ಟಿಫಿಕೇಟ್ ಕೋರ್ಸನ್ನು ಶುರು ಮಾಡಿದ್ದು ಎರಡು ಸಾವಿರದ ಆರನೇ ಇಸವಿಯಲ್ಲಿ. ಶುರು ಮಾಡಿದ ಮೇಲೆ, ಇದನ್ನು ಯಾವ ವಿಭಾಗದ ತಲೆಗೆ ಕಟ್ಟುವುದು ಎಂಬ ಪ್ರಶ್ನೆ ಎದ್ದಿತು. ಕಂಪ್ಯೂಟರ್ ವಿಭಾಗದವರು ಕಥೆ ಹೇಳುವುದು ನಮ್ಮ ಕೆಲಸವಲ್ಲ ಎಂದರು. ಕನ್ನಡ ವಿಭಾಗದವರು, ಓದುಗನೇ ಕಥೆಯ ಅಂತ್ಯವನ್ನು ಬದಲಾಯಿಸಿಕೊಳ್ಳುವ ಹಾಗಿದ್ದರೆ ಇಷ್ಟು ವರ್ಷ ಅಂತ್ಯಗಳ ಮೇಲೆ ನಾವು ಬರೆಸಿದ ಪಿಎಚ್‌ಡಿಗಳ ಗತಿಯೇನು ಎಂದು ಕೇಳಿದರು. ಪತ್ರಿಕೋದ್ಯಮದವರಿಗೆ ಆಸೆಯಿತ್ತು, ಕೊಠಡಿ ಇರಲಿಲ್ಲ. ಕೊನೆಗೆ ದೈಹಿಕ ಶಿಕ್ಷಣ ವಿಭಾಗದ ಮುಖ್ಯಸ್ಥರು, ಹೆಸರಿನಲ್ಲಿ ಆಟ ಇದೆಯಲ್ಲ, ನಮ್ಮಲ್ಲೇ ಇರಲಿ ಬಿಡಿ ಎಂದು ದೊಡ್ಡ ಮನಸ್ಸು ಮಾಡಿ, ವ್ಯಾಯಾಮಶಾಲೆಯ ಹಿಂದಿನ ಉಗ್ರಾಣದಲ್ಲಿ ಅರ್ಧ ಜಾಗ ಬಿಟ್ಟುಕೊಟ್ಟರು.

ಹೀಗಾಗಿ ಧನುಶ್ರೀ ಸಂವಾದಿ ಕಥನವನ್ನು ಕಲಿತದ್ದು ಹರ್ಡಲ್ಸ್ ಚೌಕಟ್ಟುಗಳು ಮತ್ತು ಗಾಳಿ ಹೋದ ವಾಲಿಬಾಲುಗಳ ನಡುವೆ. ಪಕ್ಕದ ಕೋಣೆಯಲ್ಲಿ ಯಾರಾದರೂ ಭಾರ ಎತ್ತಿ ಕೆಳಗೆ ಬಿಟ್ಟರೆ ಇಲ್ಲಿ ಕಂಪ್ಯೂಟರುಗಳು ತಾವಾಗಿ ಆರಿ ಮತ್ತೆ ಹತ್ತಿಕೊಳ್ಳುತ್ತಿದ್ದವು. ಮಾಡಿದ ಕೆಲಸ ಉಳಿಯಬೇಕಾದರೆ ಪೈಲ್ವಾನರ ಉಸಿರಿನ ಮೇಲೆ ಒಂದು ಕಿವಿ ಇಟ್ಟಿರಬೇಕಿತ್ತು.

ಪಾಠ ಹೇಳುತ್ತಿದ್ದವರು ಸುದರ್ಶನ ಮೇಷ್ಟ್ರು. ನಾಟಕದಲ್ಲಿ ಎಂ.ಎ. ಮಾಡಿಕೊಂಡಿದ್ದರು. ಅವರ ಅಜ್ಜ ಅರಮನೆಯಲ್ಲಿ, ಬಂದ ಅತಿಥಿಗಳಿಗೆ ಅವರವರ ಅಂತಸ್ತಿಗೆ ತಕ್ಕ ಕುರ್ಚಿ ತೋರಿಸುವ ಹುದ್ದೆಯಲ್ಲಿದ್ದರಂತೆ. ಆ ರಕ್ತ ಮೇಷ್ಟ್ರಲ್ಲೂ ಹರಿಯುತ್ತಿತ್ತು. ಯಾವುದನ್ನೂ ನೇರವಾಗಿ ಹೇಳಿ ಅಭ್ಯಾಸವಿರಲಿಲ್ಲ. ವಿದ್ಯಾರ್ಥಿಯ ಕೆಲಸ ಕೆಟ್ಟದಾಗಿದ್ದರೆ ‘ಬಣ್ಣಗಳು ಚೆನ್ನಾಗಿವೆ’ ಎನ್ನುತ್ತಿದ್ದರು. ತೀರಾ ಕೆಟ್ಟದಾಗಿದ್ದರೆ ಮನೆಯವರ ಆರೋಗ್ಯ ವಿಚಾರಿಸುತ್ತಿದ್ದರು. ಕಂಪ್ಯೂಟರ್ ಆಟವನ್ನು ಅವರು ಜನ್ಮದಲ್ಲಿ ಆಡಿರಲಿಲ್ಲ. ಆದರೂ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಮರ ಬರೆದು, ಕೊಂಬೆಗಳನ್ನು ಎಳೆದು, ಪ್ರತಿ ತಿರುವಿನಲ್ಲೂ ಆಡುವವರಿಗೆ ಒಂದು ಆಯ್ಕೆ ಇರಬೇಕು, ಪ್ರತಿ ಆಯ್ಕೆಗೂ ಒಂದು ಫಲ ಇರಬೇಕು, ಇಷ್ಟೇ ಸಂವಾದಿ ಕಥನ ಎಂದು ಹೇಳಿದ ದಿನ ಧನುಶ್ರೀಯ ಮೈ ಜುಮ್ಮೆಂದಿತು. ಅವಳ ಮನೆಯಲ್ಲಿ ಆಯ್ಕೆಗಳಿಗೆ ಕೊರತೆಯಿರಲಿಲ್ಲ. ಯಾವುದನ್ನು ಆರಿಸಿದರೂ ಫಲ ಮಾತ್ರ ಒಂದೇ ಇರುತ್ತಿತ್ತು.

ಆ ಸಲದ ಫಲ ಬಿ.ಎಡ್. ಆಗಿತ್ತು. ಅವಳ ಅಪ್ಪ ಸದಾಶಿವಯ್ಯನವರದು ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಸಗಟು ಅಂಗಡಿ, ಅದರ ಮೇಲೆಯೇ ಮನೆ. ಮಠಕ್ಕೆ ಬೆಲ್ಲ ಹೋಗುತ್ತಿದ್ದದ್ದು ಅಲ್ಲಿಂದಲೇ. ಆ ಪರಿಚಯದಲ್ಲಿ ಮಠದ ಕಾಲೇಜಿನಲ್ಲಿ ಅವಳಿಗೊಂದು ಬಿ.ಎಡ್. ಸೀಟು ಹಿಡಿದಿಡಿಸಿದ್ದರು. ಬೇಡ ಅಪ್ಪ ಎಂದು ಅವಳು ಹೇಳಿದ್ದಳು. ಊಟದ ಹೊತ್ತಿನಲ್ಲಿ ಹೇಳಿದ್ದಳು, ಹಬ್ಬದ ದಿನ ಹೇಳಿದ್ದಳು, ಅತ್ತುಕೊಂಡೂ ಹೇಳಿದ್ದಳು. ಹೆಣ್ಣುಮಕ್ಕಳು ಮೊದಮೊದಲು ಹಾಗೇ ಅನ್ನೋದು ಎಂದು ಸದಾಶಿವಯ್ಯನವರು ಅದನ್ನು ಮರ್ಯಾದೆಯ ಲೆಕ್ಕಕ್ಕೆ ಹಾಕಿಕೊಂಡಿದ್ದರು. ಕೊನೆಗೆ ಒಂದು ಒಪ್ಪಂದವಾಯಿತು. ಈ ಆಟದ ಕೋರ್ಸಿನಿಂದ ಒಂದು ಕೆಲಸ ಅಂತ ಸಿಕ್ಕಿದರೆ ಬಿ.ಎಡ್. ಮಾತು ಎತ್ತುವುದಿಲ್ಲ, ಸಿಗದಿದ್ದರೆ ಜೂನ್‌ನಿಂದ ಅವಳು ತುಟಿ ಬಿಚ್ಚದೆ ಕಾಲೇಜಿಗೆ ಹೋಗಬೇಕು. ಸದಾಶಿವಯ್ಯನವರು ಇದಕ್ಕೆ ಒಪ್ಪಿದ್ದು ಉದಾರತೆಯಿಂದಲ್ಲ. ಆಟ ಕಟ್ಟುವವರಿಗೆ ಲೋಕದಲ್ಲಿ ಯಾರೂ ಸಂಬಳ ಕೊಡಲಾರರು ಎಂಬ ಗಟ್ಟಿ ನಂಬಿಕೆಯಿಂದ.

ಕೋರ್ಸಿನ ಕೊನೆಗೆ ಪ್ರತಿಯೊಬ್ಬರೂ ಒಂದು ಆಟ ಮಾಡಿ ತೋರಿಸಬೇಕಿತ್ತು. ಧನುಶ್ರೀಗೆ ತನ್ನ ಆಟ ಸಿಕ್ಕಿದ್ದು ಸಿದ್ಧಾರ್ಥನಗರದ ಒಂದು ಸೋಫಾದ ಮೇಲೆ. ಸುದರ್ಶನ ಮೇಷ್ಟ್ರು ಒಮ್ಮೆ ಎಲ್ಲರನ್ನೂ ಮನೆಗೆ ಕರೆದುಕೊಂಡು ಹೋಗಿದ್ದರು, ಅಜ್ಜನ ಕಾಲದ ಪಗಡೆ ಹಾಸು ತೋರಿಸುವುದಕ್ಕೆ. ಅವರ ತಾಯಿ ಚಂದ್ರಮತಿಯವರು ಸೆರಗು ಸರಿಮಾಡಿಕೊಂಡು ಬಂದು, ಕಾಫಿ ಕುಡೀತೀರಾ ಎಂದು ಕೇಳಿದರು. ಅಯ್ಯೋ ಬೇಡಿ, ಈಗ ತಾನೇ ಕುಡಿದು ಬಂದ್ವಿ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಯಾರೂ ಕುಡಿದಿರಲಿಲ್ಲ. ಎಲ್ಲರಿಗೂ ಕಾಫಿ ಬೇಕಿತ್ತು. ಎಲ್ಲರಿಗೂ ಕಾಫಿ ಬೇಕು ಎಂಬುದು ಚಂದ್ರಮತಿಯವರಿಗೂ ಗೊತ್ತಿತ್ತು. ಅವರು ಇನ್ನೊಂದು ಸಲ ಕೇಳುವುದು, ಇವರು ಇನ್ನೊಂದು ಸಲ ಬೇಡವೆನ್ನುವುದು, ಮೂರನೇ ಸಲಕ್ಕೆ ‘ಹಾಗಾದ್ರೆ ಅರ್ಧ ಲೋಟ ಸಾಕು’ ಎನ್ನುವುದು, ತುಂಬಿದ ಲೋಟ ಬರುವುದು, ಇದು ಮೈಸೂರಿನಲ್ಲಿ ಸೂರ್ಯ ಹುಟ್ಟಿದಷ್ಟೇ ನಿಶ್ಚಿತ. ಆದರೆ ಅಷ್ಟರಲ್ಲಿ ಗೋವಿಂದರಾಜು ಎಂಬ ಸಹಪಾಠಿ ಕಾಲು ಚಾಚಿಕೊಂಡು, “ಕೊಡಿ ಆಂಟಿ. ಸ್ಟ್ರಾಂಗ್ ಇರ್ಲಿ” ಎಂದುಬಿಟ್ಟ.

ಚಂದ್ರಮತಿಯವರು ನಕ್ಕರು. ಆ ನಗುವನ್ನು ನೋಡಿದ ಕ್ಷಣದಲ್ಲೇ ಧನುಶ್ರೀಗೆ ಆಟದ ‘ಸೋತಿರಿ’ ಎಂಬ ಪರದೆ ಕಣ್ಣಮುಂದೆ ಬಂದುಬಿಟ್ಟಿತು.

ಆಟದ ಹೆಸರು ‘ಆಂಟಿ ಮನೆ ಕಾಫಿ’. ಆಡುವವರು ಒಂದು ಮನೆಗೆ ಹೋಗುತ್ತಾರೆ. ಕಾಫಿ ಕುಡಿದು ಹೊರಗೆ ಬರಬೇಕು, ಆದರೆ ಕಾಫಿ ಬೇಕು ಎಂದು ಗೊತ್ತಾಗಬಾರದು. ಪರದೆಯ ಕೆಳಗೆ ಮೂರು ಗುಂಡಿ: ‘ಬೇಡ’, ‘ಅರ್ಧ ಲೋಟ ಸಾಕು’, ‘ಕೊಡಿ’. ‘ಕೊಡಿ’ ಒತ್ತಿದರೆ ಕಾಫಿಯೇನೋ ಬರುತ್ತದೆ, ಜೊತೆಗೆ ಆಂಟಿಯ ನಗುವೂ ಬರುತ್ತದೆ, ಸಂಜೆಯೊಳಗೆ ಸಿದ್ಧಾರ್ಥನಗರದ ಮನೆಮನೆಯಲ್ಲೂ ದೀಪ ಹತ್ತಿಕೊಂಡು ಸುದ್ದಿ ಹರಡುವುದು ಕಾಣುತ್ತದೆ, ಆಟ ಮುಗಿಯುತ್ತದೆ. ‘ಬೇಡ’ವನ್ನು ಅತಿಯಾಗಿ ಒತ್ತಿದರೆ ಆಂಟಿ ಪಾಪ ಎಂದುಕೊಂಡು ಸುಮ್ಮನಾಗುತ್ತಾಳೆ, ತಲೆನೋವು ಹತ್ತಿ ಆಟ ಮುಗಿಯುತ್ತದೆ. ಗೆಲ್ಲಬೇಕಾದರೆ ಮನೆಯನ್ನು ಓದಬೇಕು. ಆಂಟಿ ಕೂತುಕೊಂಡು ಕೇಳಿದರೆ ಅದು ಬರೀ ಬಾಯಿಮಾತು. ನಿಂತುಕೊಂಡು ಕೇಳಿದರೆ ಅರ್ಧ ಮನಸ್ಸು. ಮಾತಾಡುತ್ತಿರುವಾಗಲೇ ಒಳಗೆ ಹಾಲಿನ ಪಾತ್ರೆ ಒಲೆಯ ಮೇಲೆ ಕೂತ ಸದ್ದು ಬಂದರೆ ಅದು ನಿಜ. ಆಗ ಮಾತ್ರ ‘ಅರ್ಧ ಲೋಟ ಸಾಕು’.

ಈ ವಿದ್ಯೆಯನ್ನೆಲ್ಲ ಧಾರೆಯೆರೆದವಳು ಅಜ್ಜಿ ಸಿದ್ದಲಿಂಗಮ್ಮ. ಮದುವೆಯಾದ ಹೊಸದರಲ್ಲಿ ಯಾರದೋ ಮನೆಯಲ್ಲಿ ಒಂದು ಬೇಡ ಹೆಚ್ಚಿಗೆ ಹೇಳಿ ಹೋಳಿಗೆ ಕಳೆದುಕೊಂಡಿದ್ದನ್ನು ಆಕೆ ಇನ್ನೂ ಮರೆತಿರಲಿಲ್ಲ. ಮೊಮ್ಮಗಳು ಕಂಪ್ಯೂಟರಿಗೆ ಇದನ್ನೆಲ್ಲ ಕಲಿಸುತ್ತಿದ್ದಾಳೆ ಎಂದು ಕೇಳಿ, “ಪಾಪ, ಅದಕ್ಯಾರು ಕೊಡ್ತಾರವ್ವ ಕಾಫೀಯ” ಎಂದು ಮರುಗಿದಳು.

ಪರೀಕ್ಷೆಯ ದಿನ ಹೊರಗಿನಿಂದ ಬಂದವರು ಷಡಕ್ಷರಿ. ಹುಬ್ಬಳ್ಳಿಯ ಕಡೆಯವರು. ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿ, ಒಂದು ಕಡೆ ಊದುಬತ್ತಿ, ಇನ್ನೊಂದು ಕಡೆ ನಟ್ಟು ಬೋಲ್ಟು ಮಾಡುವ ಕಾರ್ಖಾನೆಗಳ ನಡುವೆ ಶೆಡ್ಡೊಂದನ್ನು ಹಿಡಿದು ಮೊಬೈಲ್ ಫೋನುಗಳಿಗೆ ಸಣ್ಣ ಸಣ್ಣ ಆಟ ಮಾಡಿಸುತ್ತಿದ್ದರು. ಬಂದವರೇ, ತಮ್ಮ ಹತ್ತಿರ ಒಂದು ಜಾಗ ಖಾಲಿ ಇದೆ, ಇವತ್ತು ನೋಡಿ ಒಬ್ಬರನ್ನು ತೆಗೆದುಕೊಳ್ಳುತ್ತೇನೆ ಎಂದು ಎಲ್ಲರೆದುರಿಗೇ ಹೇಳಿಬಿಟ್ಟರು. ಇಂಥ ಮಾತನ್ನು ಹೀಗೆ ಬೆತ್ತಲೆಯಾಗಿ ಹೇಳಿದ್ದಕ್ಕೆ ಸುದರ್ಶನ ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು.

ಗೋವಿಂದರಾಜು ಮಾಡಿದ್ದು ಎದುರು ಸಿಕ್ಕಿದವರನ್ನೆಲ್ಲ ಗುಂಡಿಟ್ಟು ಕೊಲ್ಲುವ ಆಟ. ಷಡಕ್ಷರಿ ಅದನ್ನು ಒಂದು ಕೈಯಲ್ಲಿ ಆಡಿ ಗೆದ್ದರು. ಆಮೇಲೆ ಧನುಶ್ರೀಯ ಆಟದ ಮುಂದೆ ಕೂತರು. ಆಂಟಿ ಕಾಫಿ ಬೇಕೇ ಎಂದಳು. ಅವರು ‘ಕೊಡಿ’ ಒತ್ತಿದರು. ಸೋತರು. ಮತ್ತೆ ಕೂತರು, ಮತ್ತೆ ‘ಕೊಡಿ’ ಒತ್ತಿದರು. ಅದು ಹಟವಲ್ಲ, ಬೇಕಿದ್ದವನು ಬೇಕು ಅನ್ನುವುದು ಹೇಗೆ ತಪ್ಪಾಗುತ್ತದೆ ಎಂದು ಅವರಿಗೆ ಪ್ರಾಮಾಣಿಕವಾಗಿ ತಿಳಿಯಲಿಲ್ಲ. ಪಕ್ಕದ ಕೋಣೆಯಲ್ಲಿ ಪೈಲ್ವಾನ ಭಾರ ಬಿಟ್ಟು ಕಂಪ್ಯೂಟರ್ ಆರಿತು. ಅದು ಹತ್ತುವವರೆಗೆ ಧನುಶ್ರೀ ಆಟದ ನಿಯಮವನ್ನು ವಿವರಿಸಿದಳು. ಅವರು ಬಾಯಿ ತೆರೆದುಕೊಂಡು ಕೇಳಿದರು.

“ಒಂದ್ ವರ್ಷ ಆತ್ರಿ ನಾ ಮೈಸೂರಿಗೆ ಬಂದು” ಎಂದರು ಆಮೇಲೆ. “ನಮ್ಮ ಮನಿ ಮಾಲಕರ ಹೆಂಡ್ತಿ ನನ್ನ ನೋಡಿ ಯಾಕ್ ಹಂಗ ನಗ್ತಾರ ಅಂತ ಇವತ್ತ ತಿಳೀತು.”

ಆಮೇಲೆ ಅವರು ಗೆದ್ದೇ ಎದ್ದರು. ಹಾಲಿನ ಪಾತ್ರೆಯ ಸದ್ದನ್ನು ಕಾಯುತ್ತ, ಕಿವಿಯನ್ನು ಸ್ಪೀಕರಿಗೆ ತಾಗಿಸಿಕೊಂಡು, ಸರಿಯಾದ ಹೊತ್ತಿಗೆ ಅರ್ಧ ಲೋಟ ಒತ್ತಿದರು. ಎದ್ದು ನಿಂತು, ಧನುಶ್ರೀಯ ಕಡೆಗೆ ತಿರುಗಿ, ಅಷ್ಟೇ ಸರಳವಾಗಿ ಕೇಳಿದರು.

“ಕಡಕೊಳಕ್ಕ ಬರ್ತೀರೇನ್ರಿ ಕೆಲಸಕ್ಕ?”

ಮಠದ ಕಾಲೇಜು, ಅದರ ಕಾಂಪೌಂಡು, ಪಾಠಯೋಜನೆಯ ನೀಲಿ ಶಾಯಿ ಎಲ್ಲವೂ ಒಂದೇ ಏಟಿಗೆ ಹಿಂದಕ್ಕೆ ಸರಿದವು. ಬೇಕು ಎಂದು ಅವಳ ಒಳಗಿನ ಸಕಲವೂ ಕೂಗಿತು. ಆದರೆ ಬಾಯಿ ಮಾತ್ರ ಅವಳದ್ದಾಗಿರಲಿಲ್ಲ. ಅದು ಸಿದ್ದಲಿಂಗಮ್ಮನಿಂದ ಬಂದದ್ದು, ಸಿದ್ದಲಿಂಗಮ್ಮನಿಗೆ ಆಕೆಯ ಅತ್ತೆಯಿಂದ ಬಂದದ್ದು.

“ಅಯ್ಯೋ ಬೇಡಿ ಸಾರ್” ಎಂದಿತು ಬಾಯಿ. “ನಿಮಗ್ಯಾಕೆ ಸುಮ್ನೆ ತೊಂದ್ರೆ.”

“ಆತ್ ಬಿಡ್ರಿ” ಎಂದರು ಷಡಕ್ಷರಿ. ಕೋಪವಿರಲಿಲ್ಲ. ಸ್ವಲ್ಪ ಬೇಸರವಿತ್ತು. ಗೋವಿಂದರಾಜುವಿನ ಕಡೆಗೆ ತಿರುಗಿ ಅವನನ್ನೂ ಅದನ್ನೇ ಕೇಳಿದರು. ಅವನು, ನಾಳೆಯಿಂದಲೋ ನಾಡಿದ್ದಿನಿಂದಲೋ ಎಂದು ಕೇಳಿದ. ಸೋಮವಾರ ತಿಳಿಸುತ್ತೇನೆ ಎಂದು ಹೇಳಿ, ಧನುಶ್ರೀಯ ಆಟದ ಸೀಡಿಯೊಂದನ್ನು ಕೇಳಿ ಜೇಬಿಗೆ ಹಾಕಿಕೊಂಡು ಅವರು ಹೊರಟರು.

ಧನುಶ್ರೀ ಅವರ ಹಿಂದೆಯೇ ಸ್ಕೂಟರಿನವರೆಗೂ ಹೋದಳು. ಎರಡನೇ ಸಲ ಕೇಳುವುದಕ್ಕೆ ಅವರಿಗೆ ಎಲ್ಲ ಅನುಕೂಲಗಳನ್ನೂ ಮಾಡಿಕೊಟ್ಟಳು. ಹೆಲ್ಮೆಟ್ ಹಾಕಿಕೊಳ್ಳುವಾಗ ಎದುರಿಗೇ ನಿಂತಳು. ಅವರು ಕೈಯೆತ್ತಿ ನಮಸ್ಕಾರ ಹೇಳಿ ಗೇಟು ದಾಟಿದರು. ಅವಳ ನಿಜವಾದ ಬೇಡವನ್ನು ಮಂಡಿ ಮೊಹಲ್ಲಾದಲ್ಲಿ ಒಬ್ಬರೂ ನಂಬಿರಲಿಲ್ಲ. ಸುಳ್ಳು ಬೇಡವನ್ನು ನಂಬುವವನೊಬ್ಬ ಹುಬ್ಬಳ್ಳಿಯಿಂದ ಬಂದು ಹೀಗೆ ಸ್ಕೂಟರ್ ಹತ್ತಿ ಹೋಗಿದ್ದ.

ಆ ವಾರದ ಕೊನೆಯಲ್ಲಿ ಮೈಸೂರಿನ ಪರೋಕ್ಷ ಮಾತಿನ ಯಂತ್ರ ಪೂರ್ತಿ ವೇಗದಲ್ಲಿ ತಿರುಗಿತು. ಅಜ್ಜಿಯ ಸಲಹೆ ಸರಳವಾಗಿತ್ತು: ಆ ಮನುಷ್ಯನನ್ನು ಊಟಕ್ಕೆ ಕರೆಯುವುದು, ಹೊಟ್ಟೆ ತುಂಬಾ ಬಡಿಸುವುದು, ಆಮೇಲೆ ಅವನೇ ಕೇಳುತ್ತಾನೆ. ಊಟಕ್ಕೆ ಕರೆದರೆ ಅವರು ಒಂದೇ ಸಲಕ್ಕೆ ಬಂದುಬಿಡುತ್ತಾರೆ ಅಜ್ಜಿ, ಅಂಥವರು ಅವರು ಎಂದು ಧನುಶ್ರೀ ಹೇಳಿದ ಮೇಲೆ ಸಿದ್ದಲಿಂಗಮ್ಮನಿಗೆ ಅಂಥವನ ಕೈಕೆಳಗೆ ಮೊಮ್ಮಗಳನ್ನು ಕಳಿಸುವುದು ಸರಿಯೇ ಎಂದು ಸಂಶಯ ಬಂತು. ಸದಾಶಿವಯ್ಯನವರು ಅಂಗಡಿಯಲ್ಲಿ ಕೂತು, ಬಿ.ಎಡ್. ಮಾಡುವವರಿಗೆ ಯಾವ ಬಣ್ಣದ ಸೀರೆ ಎಂದು ಯಾರನ್ನೋ ವಿಚಾರಿಸುತ್ತಿದ್ದರು.

ಸುದರ್ಶನ ಮೇಷ್ಟ್ರು ತಾವೇ ಮಾತಾಡುತ್ತೇನೆ ಎಂದು ಮುಂದೆ ಬಂದರು. ಧನುಶ್ರೀಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಷಡಕ್ಷರಿಯವರಿಗೆ ಫೋನ್ ಮಾಡಿದರು. ಕಡಕೊಳದಲ್ಲಿ ಗಾಳಿ ಹೇಗಿದೆ ಎಂದು ಕೇಳಿದರು. ಊದುಬತ್ತಿಯ ವಾಸನೆಯಿಂದ ಕೆಲವರಿಗೆ ನೆಗಡಿಯಾಗುತ್ತದೆ, ಕೆಲವರಿಗೆ ಆಗುವುದಿಲ್ಲ, ಉದಾಹರಣೆಗೆ ಬೆಲ್ಲದ ಅಂಗಡಿಯ ಮೇಲೆ ಬೆಳೆದವರಿಗೆ ಯಾವ ವಾಸನೆಯೂ ಏನೂ ಮಾಡುವುದಿಲ್ಲ ಎಂದರು. ನಂಜನಗೂಡಿನ ಬಸ್ಸುಗಳು ಈಚೆಗೆ ಹೊತ್ತಿಗೆ ಸರಿಯಾಗಿ ಬರುತ್ತಿವೆ, ಹೆಣ್ಣುಮಕ್ಕಳೂ ಓಡಾಡಬಹುದು ಎಂದರು. ಹೀಗೆ ಅರ್ಧ ಗಂಟೆ ಮಾತಾಡಿ, ಫೋನಿಟ್ಟು, ಬೆವರು ಒರೆಸಿಕೊಂಡು, “ಸ್ವಲ್ಪ ಒರಟಾಗೇ ಹೇಳ್ಬುಟ್ಟೆ ಕಣಮ್ಮ. ಏನ್ ತಿಳ್ಕೊಂಡ್ರೋ ಏನೋ” ಎಂದು ಕಳವಳಪಟ್ಟರು.

ಸೋಮವಾರ ಬೆಳಿಗ್ಗೆ ಧನುಶ್ರೀ ಮನೆಯಲ್ಲಿ ಗೆಳತಿಯನ್ನು ನೋಡಲು ಹೋಗುತ್ತೇನೆಂದು ಹೇಳಿ ನಂಜನಗೂಡಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ‘ಕೊಡಿ’ ಎಂಬ ಮಾತನ್ನು ಬಾಯೊಳಗೇ ಹೇಳಿ ನೋಡಿಕೊಂಡಳು. ಎರಡಕ್ಷರ. ಕಂಡಕ್ಟರ್ ಚಿಲ್ಲರೆ ಕೊಡಿ ಎಂದು ದಿನವಿಡೀ ಹೇಳುತ್ತಾನೆ, ಅವನಿಗೇನೂ ಆಗಿರಲಿಲ್ಲ. ಅವಳಿಗೆ ಮಾತ್ರ ಆ ಮಾತು ನಾಲಗೆಯ ತುದಿಗೆ ಬಂದಾಗಲೆಲ್ಲ ಸಿದ್ಧಾರ್ಥನಗರದಲ್ಲಿ ಒಂದೊಂದೇ ಮನೆಯ ದೀಪ ಹತ್ತಿಕೊಳ್ಳುವುದು ಕಾಣುತ್ತಿತ್ತು. ಆ ದೀಪಗಳನ್ನು ಬರೆದವಳು ಅವಳೇ.

ಶೆಡ್ಡಿನಲ್ಲಿ ಷಡಕ್ಷರಿ ಬಾಗಿಲಿನ ಹತ್ತಿರದ ಮೇಜಿನಲ್ಲೇ ಕೂತಿದ್ದರು. ಒಳಗೆ ನಾಲ್ಕಾರು ಜನ ಪರದೆಗಳ ಮುಂದೆ ಬಾಗಿದ್ದರು. ಅವಳನ್ನು ಕಂಡು ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಚಹಾ ಕುಡೀತೀರೇನು ಎಂದು ಕೇಳಿದರು. ಬೇಡ ಎಂಬುದು ಗಂಟಲಿನವರೆಗೆ ಬಂದಿತ್ತು, ಅದನ್ನು ನುಂಗಿ, ಕುಡೀತೀನಿ ಎಂದಳು. ಆ ರಭಸದಲ್ಲೇ, ಮತ್ತೆ ಉಸಿರು ತೆಗೆದುಕೊಂಡರೆ ಮಾತು ಹಿಂದಕ್ಕೆ ಹೋಗಿಬಿಡುತ್ತದೆ ಎಂಬ ಹೆದರಿಕೆಯಲ್ಲಿ, ಉಳಿದದ್ದನ್ನೂ ಹೇಳಿದಳು.

“ಸಾರ್, ಅವತ್ತು ನಾನು ಬೇಡ ಅಂದಿದ್ದು ಸುಳ್ಳು. ಕೆಲಸ ಬೇಕು. ಕೊಡಿ.”

ದೀಪಗಳು ಹತ್ತಿದವು. ಷಡಕ್ಷರಿ ಪೆನ್ನಿನ ಕ್ಯಾಪು ಮುಚ್ಚಿದರು.

“ಅಯ್ಯ, ಬ್ಯಾಡ್ರಿ” ಎಂದರು. “ನಿಮಗ್ಯಾಕ ಸುಮ್ನ ತ್ರಾಸು.”

ಅವಳು ಕುರ್ಚಿಯಿಂದ ಅರ್ಧ ಎದ್ದಿದ್ದಳು. ಇನ್ನೊಂದು ಗಳಿಗೆಯಾಗಿದ್ದರೆ ಬಾಗಿಲು ದಾಟಿ ಬಸ್ಸು ಹಿಡಿದು ನೇರ ಬಿ.ಎಡ್. ಕಾಲೇಜಿಗೇ ಹೋಗಿಬಿಡುತ್ತಿದ್ದಳೇನೋ. ಆಗ ಅವರ ಹಿಂದೆ ನಡೆಯುತ್ತಿದ್ದದ್ದು ಕಣ್ಣಿಗೆ ಬಿತ್ತು. ಪ್ರೇಮಲೀಲಾ ಎಂದು ಯಾರೋ ಕರೆದ ಹೆಂಗಸೊಬ್ಬಳು ಮೂಲೆಯ ಖಾಲಿ ಮೇಜಿನ ಮೇಲಿನ ಕೀಬೋರ್ಡನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಒರೆಸಿ, ಎಲ್ಲಿಂದಲೋ ಒಂದು ಕುರ್ಚಿ ಎಳೆದುಕೊಂಡು ಬಂದು ಆ ಮೇಜಿಗೆ ಹಾಕಿದಳು. ಕುರ್ಚಿ ನೆಲಕ್ಕೆ ತಾಗಿದ ಸದ್ದು ಧನುಶ್ರೀಗೆ ಬಹಳ ಪರಿಚಿತವಾಗಿ ಕೇಳಿಸಿತು. ಒಲೆಯ ಮೇಲೆ ಹಾಲಿನ ಪಾತ್ರೆ ಕೂತಿತ್ತು.

ಅವಳು ಮತ್ತೆ ಕೂತಳು.

“ಪರವಾಗಿಲ್ಲ ಸಾರ್, ಕೊಡಿ. ನನಗೇನೂ ತೊಂದರೆ ಇಲ್ಲ.”

“ಇಲ್ರಿ, ಈಗ ತಾನ ಒಬ್ಬರನ್ನ ತಗೊಂಡು ಬಂದೀನ್ರಿ” ಎಂದು ಷಡಕ್ಷರಿ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮನುಷ್ಯ ಅಭ್ಯಾಸ ಮಾಡಿದ್ದ.

“ಹಾಗನ್ಬೇಡಿ ಸಾರ್. ಇಷ್ಟು ದೂರ ಬಂದಿದೀನಿ. ನೀವು ಹೀಗಂದ್ರೆ ನನಗೆ ಬೇಜಾರಾಗುತ್ತೆ.” ಅವಳ ಸ್ವರದಲ್ಲಿ ಈಗ ಚಂದ್ರಮತಿ, ಸಿದ್ದಲಿಂಗಮ್ಮ, ಆಕೆಯ ಅತ್ತೆ ಎಲ್ಲರೂ ಸೇರಿಕೊಂಡಿದ್ದರು. ಇಷ್ಟು ದಿನ ಅತಿಥಿಯಾಗಿ ಆಡಿದ್ದ ಆಟವನ್ನು ಆಂಟಿಯಾಗಿ ಆಡಿದರೆ ಎಷ್ಟು ಸಲೀಸು ಎಂದು ಅವಳಿಗೆ ಮೊದಲ ಬಾರಿಗೆ ಗೊತ್ತಾಯಿತು.

“ಹಂಗಾರ ಅರ್ಧ ಲೋಟ ಸಾಕ್ರಿ” ಎಂದರು ಷಡಕ್ಷರಿ, ಮತ್ತು ಇನ್ನು ತಡೆಯಲಾಗದೆ ಮೇಜಿಗೆ ಹಣೆ ತಾಗಿಸಿಕೊಂಡು ನಕ್ಕರು. ಒಳಗಿದ್ದವರು ಪರದೆ ಬಿಟ್ಟು ತಿರುಗಿ ನೋಡಿದರು.

ನಕ್ಕು ಮುಗಿದ ಮೇಲೆ ಅವರು ಹೇಳಿದ ಸಂಗತಿ ಇಷ್ಟು. ಆಟದಲ್ಲಿ ಕಲಿತದ್ದು ಕಾಫಿಗೆ ಮಾತ್ರ ಎಂದು ಅವರು ತಿಳಿದಿದ್ದರು, ಕೆಲಸಕ್ಕೂ ಅದೇ ಕಾನೂನು ಎಂದು ಗೊತ್ತಿರಲಿಲ್ಲ. ಸುದರ್ಶನ ಮೇಷ್ಟ್ರ ಫೋನು ಬಂದಾಗ, ಒಬ್ಬ ಮನುಷ್ಯ ಇಷ್ಟು ಹೊತ್ತು ಏನನ್ನೂ ಹೇಳದೆ ಇದ್ದಾನೆ ಎಂದರೆ ಏನೋ ಹೇಳುವುದಕ್ಕೇ ಇರಬೇಕು ಎಂದು ಹೊಳೆಯಿತು. ಎರಡನೇ ಸಲ ಕೇಳೋಣವೆಂದು ಅವಳಿಗೆ ಫೋನ್ ಮಾಡಲು ಹೊರಟಿದ್ದರು. ಅಷ್ಟರಲ್ಲಿ ಸೀಡಿ ಹಾಕಿ ಆಡುವಾಗ ಆಟದ ದೋಷ ಕಣ್ಣಿಗೆ ಬಿತ್ತು.

“ನಿಮ್ಮ ಆಟದಾಗ ಬಾಗಲಾ ದಾಟಿದ ಮ್ಯಾಲ ಏನೂ ಇಲ್ರಿ. ತಲಿನೋವು, ಖಲಾಸ್. ಹೊರಗ ಹೋದಾಕಿ ವಾಪಸ್ ಬಂದು, ಯವ್ವಾ ನಾ ಸುಳ್ಳು ಹೇಳಿದ್ನಿ, ಕಾಫಿ ಬೇಕು ಅನ್ನೂ ಗುಂಡೀನ ಇಟ್ಟಿಲ್ಲ ನೀವು. ಇಂಥಾಕಿ ತಾನ ಒತ್ತತಾಳೋ ಇಲ್ಲೋ ನೋಡೂಣು ಅಂತ ಕುಂತಿದ್ನಿ.”

ಮೊದಲ ಕೆಲಸ ಅದೇ ಆಗಲಿ ಎಂದರು. ಹಾಗಾದರೆ ಗೋವಿಂದರಾಜು ಎಂದು ಅವಳು ಕೇಳಿದಳು. ಅವನು ಬೆಳಿಗ್ಗೆಯೇ ಬಂದಿದ್ದನಂತೆ. ಇಲ್ಲ ಎಂದು ಹೇಳಿದ್ದಕ್ಕೆ, ಹಾಗಾದರೆ ಟೀ ಆದರೂ ಕೊಡಿ ಎಂದು ಕೇಳಿ, ಎರಡು ಲೋಟ ಕುಡಿದು, ಸಂತೋಷವಾಗಿ ಹೋದನಂತೆ. ಇಡೀ ಮೈಸೂರಿನಲ್ಲಿ ತಲೆನೋವಿಲ್ಲದವನು ಅವನೊಬ್ಬನೇ ಇರಬೇಕೆಂದು ಧನುಶ್ರೀಗೆ ಅನಿಸಿತು.

ಸದಾಶಿವಯ್ಯನವರು ಮಾತಿಗೆ ತಪ್ಪುವವರಲ್ಲ. ಅಂದೇ ಮಠದ ಕಾಲೇಜಿಗೆ ಹೋಗಿ, ಸೀಟು ಬೇಡ ಎಂದು ಹೇಳಿ ಬಂದರು. ಅಲ್ಲಿಯವರು, ಎಲ್ಲರೂ ಮೊದಲು ಹಾಗೇ ಅನ್ನುತ್ತಾರೆ ಎಂದು ನಕ್ಕು ಸೀಟನ್ನು ಹಾಗೆಯೇ ಇಟ್ಟುಕೊಂಡರು. ಅವರು ಮತ್ತೆ ಹೋಗಬೇಕಾಯಿತು, ಅದಾದ ಮೇಲೂ ಮತ್ತೆ ಹೋಗಬೇಕಾಯಿತು. ಕೊನೆಯ ಸಲ ಹೋಗಿ ಬಂದ ಸಂಜೆ ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಏನೋ ಹೇಳುವವರಂತೆ ಕಂಡರು. ಇರುವೆ ಹತ್ತಿದೆ ನೋಡು ಎಂದು ಬೆಲ್ಲದ ಪಿಂಡಿಯ ಕಡೆಗೆ ಕೈ ತೋರಿಸಿದರು.

ಅಜ್ಜಿಗೆ ಮಾತ್ರ ಎಲ್ಲವನ್ನೂ ನಡೆದ ಹಾಗೆಯೇ ಹೇಳಬೇಕಾಯಿತು. ತಾನೇ ಹೋಗಿ ಕೇಳಿದ್ದು, ಅವರು ಬೇಡವೆಂದದ್ದು, ಮತ್ತೆ ಕೇಳಿದ್ದು, ಮತ್ತೆ ಬೇಡವೆಂದದ್ದು, ಕೊನೆಗೆ ಒಪ್ಪಿದ್ದು. ಸಿದ್ದಲಿಂಗಮ್ಮ ಗೋಡೆಗೊರಗಿ, ಕಣ್ಣು ಮುಚ್ಚಿಕೊಂಡು, ಹಳೆಯ ಪಗಡೆಯಾಟದ ನಡೆಗಳನ್ನು ಕೇಳುವವಳಂತೆ ಕೇಳಿದಳು. ಹುಬ್ಬಳ್ಳಿಯವನು ಎರಡು ಸಲ ಬೇಡವೆಂದ ಎಂಬಲ್ಲಿ ತಲೆದೂಗಿದಳು.

“ಮೂರ್ ಸಲ ಕೇಳಿಸ್ಕಂಡನಾ?” ಎಂದಳು. “ಮನ್ಸ ಪರವಾಗಿಲ್ಲ ಬುಡು. ಕಾಫಿ ಎಂಗಿತ್ತು?”

“ಕಾಫಿ ಅಲ್ಲ ಅಜ್ಜಿ. ಟೀ ಕೊಟ್ರು.”

ಸಿದ್ದಲಿಂಗಮ್ಮ ಕಣ್ಣು ತೆರೆದಳು.

“ಅಷ್ಟೆಲ್ಲ ಮಾಡ್ಬುಟ್ಟು ಟೀ ಕೊಟ್ನಾ?” ಎಂದಳು. “ಇನ್ನೂ ಒಂದ್ಸಲ ಯೋಚ್ನೆ ಮಾಡವ್ವ. ಬಿ.ಎಡ್. ಸೀಟು ಇನ್ನೂ ಇಟ್ಟವ್ರೇನೋ.”